ಮಳೆ ಯಾವ ಮಾಡಿನ ಮೇಲೆ ಬೀಳುತ್ತಿದೆ?

(ಕಾರವಾರದಲ್ಲಿ ಮಾಧ್ಯಮ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕೇಳಿಸಿದ ಸದ್ದುಗಳನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿದೆ.)

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆಯಿಂದ ನಿಮ್ಮ ಕಿರುಚಿತ್ರ, ಸಾಕ್ಷ್ಯಚಿತ್ರಗಳನ್ನು ನೋಡುತ್ತಾ ಕೂತಿದ್ದೆ. ಕ್ಯಾಮೆರಾ ಕೆಲಸ ಚೆನ್ನಾಗಿದೆ, ಸುಮ್ನೆ ಹೊಗಳುತ್ತಿಲ್ಲ. ಕಾಳಿ ನದಿ ಸಮುದ್ರ ಸೇರುವ ಜಾಗದ ಡ್ರೋನ್ ಶಾಟ್ ಅಂತೂ ಸುಮಾರು ಜನರ ಚಿತ್ರದಲ್ಲಿತ್ತು. ಅನುಮತಿ ತಗೊಂಡೇ ಹಾರಿಸಿದ್ದೀರಿ ಅಂದುಕೊಳ್ಳುತ್ತೇನೆ, ಈ ಊರಿನಲ್ಲಿ ನೌಕಾನೆಲೆ ಇದೆ. ಆದರೆ ಆ ಶಾಟ್ ಬಂದಾಗಲೆಲ್ಲ ಅದೇ ಪಿಯಾನೊ. ಕತೆ ಸ್ವಲ್ಪ ದುಃಖದ್ದಾದರೆ ಪಿಯಾನೊ ಜೊತೆಗೆ ಕೊಳಲು. ಕಣ್ಣು ಮುಚ್ಚಿಕೊಂಡು ಕೇಳಿದೆ. ಇದು ಕಾರವಾರವೋ, ಕೊಡೈಕೆನಾಲೋ, ಗೃಹಸಾಲದ ಜಾಹೀರಾತೋ ಗೊತ್ತಾಗಲಿಲ್ಲ.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ಚಿತ್ರ ಆಗಲೇ ಹೇಳಿದ್ದನ್ನು ಸದ್ದಿನಿಂದ ಇನ್ನೊಮ್ಮೆ ಹೇಳಿಸಬೇಡಿ. ಚಿತ್ರಕ್ಕೆ ಹೇಳಲು ಆಗದ್ದನ್ನು ಸದ್ದಿಗೆ ಕೊಡಿ. ಹಾಗೆ ಕೊಡಬೇಕಾದರೆ ಸ್ಕ್ರಿಪ್ಟ್ ಬರೆಯುವಾಗಲೇ ಅದು ತಲೆಯಲ್ಲಿರಬೇಕು. ಎಡಿಟಿಂಗ್ ಎಲ್ಲ ಮುಗಿದು, ಬೆಳಗಾದರೆ ಸಬ್ಮಿಷನ್ ಅನ್ನುವ ರಾತ್ರಿ "ಒಂದು ಒಳ್ಳೇ ಬಿಜಿಎಂ ಹುಡುಕೋ" ಅಂದರೆ ಆಗುವ ಕೆಲಸ ಅಲ್ಲ.

ಮೊದಲು ಮೂರು ತುಣುಕು ಕೇಳಿಸುತ್ತೇನೆ. ಮೂರೂ ಮಳೆಯೇ.

(ಮೂರನ್ನೂ ಕೇಳಿಸಿ, ಎಲ್ಲಿಯದು ಎಂದು ಊಹಿಸಲು ಹೇಳಿದೆ.)

ಮೊದಲನೆಯದು ತಗಡಿನ ಮೇಲೆ ಅಂತ ಎಲ್ಲರೂ ಹೇಳಿದಿರಿ. ಪಟಪಟ ಅನ್ನುವ ಚೂಪು ಸದ್ದು, ಒಳಗೆ ಮಾತಾಡಿದರೂ ಕೇಳದಷ್ಟು. ಎರಡನೆಯದು ಹಂಚು. ಸದ್ದು ಮಂದ, ನಡುನಡುವೆ ಹಂಚಿನ ತುದಿಯಿಂದ ಅಂಗಳಕ್ಕೆ ಸುರಿಯುವ ದಾರೆ. ಮೂರನೆಯದಕ್ಕೆ ಶಿರಸಿ, ಸಿದ್ದಾಪುರದ ಕಡೆಯವರು ಮಾತ್ರ ಕೈ ಎತ್ತಿದಿರಿ. ಅಡಿಕೆ ಸೋಗೆ ಹೊದೆಸಿದ ಮಾಡು. ಅಲ್ಲಿ ಹನಿ ಬಿದ್ದದ್ದು ಬಿದ್ದಲ್ಲೇ ಇಂಗಿದ ಹಾಗೆ ಕೇಳುತ್ತದೆ. ನಾಲ್ಕನೆಯದು ಕೇಳಿಸಲಿಲ್ಲ, ಯಾಕೆಂದರೆ ಕೇಳಿಸುವಂಥದ್ದು ಏನೂ ಇಲ್ಲ. ಸ್ಲ್ಯಾಬ್ ಹಾಕಿದ ಮನೆಯೊಳಗೆ ಕಿಟಕಿ ಮುಚ್ಚಿ ಕೂತರೆ ಮಳೆ ಬರುವುದು ಗೊತ್ತಾಗುವುದೇ ಹೊರಗಿನ ಪೈಪಿನಲ್ಲಿ ನೀರು ಇಳಿಯುವಾಗ.

ಗಾಳಿಯಲ್ಲಿ ಇಳಿಯುವ ಹನಿ ಹೆಚ್ಚು ಸದ್ದು ಮಾಡುವುದಿಲ್ಲ. ತಾಗಿದ ವಸ್ತು ಸದ್ದು ಮಾಡುತ್ತದೆ. ಅಂದರೆ ನೀವು 'ಮಳೆ' ಅಂತ ಹುಡುಕಿ ಇಂಟರ್ನೆಟ್‌ನಿಂದ ಇಳಿಸಿಕೊಂಡ ಫೈಲಿನಲ್ಲಿ ಯಾರದೋ ಊರಿನ ಮಾಡು, ಯಾರದೋ ಊರಿನ ಮರ, ಯಾರದೋ ಡಾಂಬರು ರಸ್ತೆ ಇದೆ. ಒಂದು ಕುಟುಂಬ ಸೋಗೆಯಿಂದ ಹಂಚಿಗೆ, ಹಂಚಿನಿಂದ ಸ್ಲ್ಯಾಬಿಗೆ ಬಂದ ಕತೆಯನ್ನು ಒಂದೂ ಮಾತಿಲ್ಲದೆ ಮೂರು ಮಳೆಗಾಲದ ಸದ್ದಿನಲ್ಲಿ ಹೇಳಬಹುದು. ಪರದೆಯ ಮೇಲೆ ಅಜ್ಜಿಯ ಮುಖ ಒಂದೇ ಸಾಕು. ಇದನ್ನು ಯಾರಾದರೂ ಮಾಡಿ, ನನಗೆ ನೋಡುವ ಆಸೆ ಇದೆ.

ಸೌಂಡ್ ಡಿಸೈನ್ ಅಂದಕೂಡಲೇ ಹಾಲಿವುಡ್ಡು, ಮುಂಬೈ ಸ್ಟುಡಿಯೊ ಅಂತ ನೀವು ಯೋಚಿಸುತ್ತೀರಿ. ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ. ತಾಳಮದ್ದಳೆ ನೋಡಿದ್ದೀರಾ? ನೋಡುವುದಕ್ಕೆ ಅಲ್ಲಿ ಏನಿದೆ ಹೇಳಿ! ವೇಷ ಇಲ್ಲ, ಕುಣಿತ ಇಲ್ಲ, ಕಿರೀಟ ಇಲ್ಲ. ಪಂಚೆ, ಶಾಲು ಹಾಕಿಕೊಂಡ ನಾಲ್ಕಾರು ಜನ ಕೂತಿರುತ್ತಾರೆ. ಭಾಗವತರ ಪದ, ಮದ್ದಳೆ, ಚೆಂಡೆ, ಪಾತ್ರಗಳ ಪರವಾಗಿ ಮಾತಾಡುವ ಅರ್ಥಧಾರಿಗಳ ಮಾತು, ಅಷ್ಟೇ. ಆದರೂ ಜನ ನಡುರಾತ್ರಿವರೆಗೆ ಕೂತು ಕುರುಕ್ಷೇತ್ರವನ್ನು ಕಾಣುತ್ತಾರೆ. ಮುಂದಿನ ಸಲ ಹೋದಾಗ ಒಂದು ಗಮನಿಸಿ. ಯುದ್ಧದ ಪದಕ್ಕೆ ಚೆಂಡೆ ಏರುತ್ತಾ ಏರುತ್ತಾ ಹೋಗಿ ಮುಕ್ತಾಯದ ಪೆಟ್ಟಿಗೆ ಗಕ್ಕನೆ ನಿಲ್ಲುತ್ತದೆ. ಅರ್ಥಧಾರಿ ತಕ್ಷಣ ಬಾಯಿ ಬಿಡುವುದಿಲ್ಲ. ಒಂದು ಉಸಿರು ಕಾಯುತ್ತಾರೆ. ಆಮೇಲೆ ಬರುವ ಮೊದಲ ಮಾತು ಎಷ್ಟು ಮೆಲ್ಲಗಿದ್ದರೂ ಕೊನೆಯ ಸಾಲಿನವನಿಗೂ ತಾಗುತ್ತದೆ. ಜೋರಾದ ಸದ್ದಿನ ಬೆನ್ನಿಗೆ ಬರುವ ಖಾಲಿ ಜಾಗದಲ್ಲಿ ಕಿವಿ ಪೂರ್ತಿ ತೆರೆದುಕೊಂಡಿರುತ್ತದೆ. ನಿಮ್ಮ ಟೈಮ್‌ಲೈನ್‌ನಲ್ಲಿ ಆ ಖಾಲಿ ಜಾಗ ಇಲ್ಲವೇ ಇಲ್ಲ. ಮೊದಲ ಸೆಕೆಂಡಿನಿಂದ ಕ್ರೆಡಿಟ್ಸ್‌ವರೆಗೆ ಬಿಜಿಎಂ ಹರಿಯುತ್ತಲೇ ಇರುತ್ತದೆ.

ಈಗ ಒಂದು ದೃಶ್ಯ ಕಟ್ಟೋಣ. ಕಾರವಾರದ ಮೀನು ಮಾರುವ ಅಕ್ಕ ಒಬ್ಬಳು. ಸಂಜೆ ಮನೆಗೆ ಬಂದು ಉಳಿದ ಬಂಗಡೆಯನ್ನು ಸಾರಿಗೆ ಹಚ್ಚುತ್ತಿದ್ದಾಳೆ. ಮಗ ಗೋವಾದಲ್ಲಿ ಕೆಲಸಕ್ಕಿದ್ದಾನೆ. ಅವನು ಊರಿಗೆ ಬರುವುದು ಕಡಿಮೆಯಾಗಿದೆ, ಫೋನು ಮಾಡಿದರೆ ದುಡ್ಡಿನ ಮಾತೇ ಜಾಸ್ತಿ. ನಿಮ್ಮಲ್ಲಿ ಬಹಳ ಜನ ಇದನ್ನು ಹೇಗೆ ಮಾಡುತ್ತೀರಿ ಗೊತ್ತಾ? ಗೋಡೆಯ ಮೇಲೆ ಮಗನ ಫೋಟೊ, ಅಮ್ಮನ ಕಣ್ಣಲ್ಲಿ ನೀರು, ಪಿಯಾನೊ.

ಬೇರೆ ಥರ ಮಾಡೋಣ. ಹಾಳೆಯನ್ನು ಎರಡು ಕಾಲಂ ಮಾಡಿ. ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಎಡಗಡೆ ಒಂದೇ ಸಾಲು ಬರೆಯಿರಿ: ಮೀನು ಹಚ್ಚುವ ಎರಡು ಕೈ, ಕ್ಯಾಮೆರಾ ಅಲ್ಲಾಡುವುದಿಲ್ಲ. ಇನ್ನು ಬಲಗಡೆ ತುಂಬಿಸಿ. ಹತ್ತಿರದಲ್ಲಿ ಕತ್ತಿಯ ಸದ್ದು, ಮೀನಿನ ಪೊರೆ ಕೆರೆಯುವ ಸದ್ದು. ಪಕ್ಕದ ಕೋಣೆಯಲ್ಲಿ ಟಿವಿ ಧಾರಾವಾಹಿ, ಮಾತು ಅರ್ಥವಾಗದಷ್ಟು ದೂರ. ಹೊರಗೆ ಶೀಟಿನ ಮೇಲೆ ಸಣ್ಣ ಮಳೆ. ಫೋನು ರಿಂಗಾಗುತ್ತದೆ. ಕತ್ತಿ ನಿಲ್ಲುತ್ತದೆ. ಕೈ ಮೀನಿನದ್ದು, ಎತ್ತುವುದಿಲ್ಲ. ರಿಂಗ್ ನಿಲ್ಲುತ್ತದೆ. ಕತ್ತಿ ಮತ್ತೆ ಶುರು, ಈಗ ಸ್ವಲ್ಪ ನಿಧಾನ. ಮತ್ತೆ ರಿಂಗ್. ಈ ಸಲ ಕತ್ತಿ ನಿಲ್ಲುವುದಿಲ್ಲ.

ನೋಡಿ, ಎರಡನೇ ರಿಂಗಿಗೆ ಕತ್ತಿ ನಿಲ್ಲಲಿಲ್ಲ ಅನ್ನುವುದರಲ್ಲೇ ಇಡೀ ಸಂಬಂಧ ಇದೆ. ಅವಳು ಕೈ ಕೊಳಕು ಅಂತ ಎತ್ತಲಿಲ್ಲವೋ, ಬೇಡ ಅಂತ ಎತ್ತಲಿಲ್ಲವೋ ನೋಡುವವರೇ ಯೋಚಿಸಲಿ. ಫೋನು ಕಾಣಿಸಬೇಕಾಗಿಲ್ಲ, ಮಗ ಕಾಣಿಸಬೇಕಾಗಿಲ್ಲ, ಅಳುವುದಂತೂ ಬೇಡವೇ ಬೇಡ. ಚೌಕಟ್ಟಿನ ಹೊರಗಿನ ಸದ್ದು ನಿಮಗೆ ಪುಕ್ಕಟೆಯಾಗಿ ಒಂದು ಮನೆ, ಒಂದು ಓಣಿ, ಒಬ್ಬ ನಟನನ್ನು ಕೊಡುತ್ತದೆ. ದುಡ್ಡಿಲ್ಲದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಏನು ಬೇಕು?

ಪಠ್ಯದಲ್ಲಿ ಪಾತ್ರಗಳಿಗೂ ಕೇಳುವ ಸದ್ದು, ನೋಡುವವರಿಗೆ ಮಾತ್ರ ಕೇಳುವ ಸದ್ದು ಅಂತ ಎರಡು ಬಗೆ ಓದಿರುತ್ತೀರಿ. ಪರೀಕ್ಷೆಗೆ ಅಷ್ಟು ಸಾಕು. ಕೆಲಸ ಮಾಡುವಾಗ ಮಜಾ ಇರುವುದು ಒಂದರಿಂದ ಇನ್ನೊಂದಕ್ಕೆ ದಾಟುವುದರಲ್ಲಿ. ಹಾಡೊಂದು ಹಿನ್ನೆಲೆ ಸಂಗೀತದ ಹಾಗೆ ಶುರುವಾಗಿ, ಆಮೇಲೆ ಅಂಗಡಿಯ ರೇಡಿಯೊದಲ್ಲಿ ಬರುತ್ತಿದೆ ಅಂತ ಗೊತ್ತಾಗಲಿ. ಅದಕ್ಕೆ ಈಕ್ವಲೈಜರ್‌ನಲ್ಲಿ, ಅಂದರೆ ಸದ್ದಿನ ದಪ್ಪ, ತೆಳು ಭಾಗಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನದಲ್ಲಿ, 300 ಹರ್ಟ್ಜ್‌ಗಿಂತ ಕೆಳಗಿನದನ್ನೂ 3,400ಕ್ಕಿಂತ ಮೇಲಿನದನ್ನೂ ಕತ್ತರಿಸಿ. ಹಳೆಯ ಟೆಲಿಫೋನ್ ಸಾಗಿಸುತ್ತಿದ್ದದ್ದು ಇಷ್ಟನ್ನೇ. ಕಿವಿ ತಕ್ಷಣ 'ಸಣ್ಣ ಸ್ಪೀಕರ್' ಅಂತ ನಂಬುತ್ತದೆ.

ಇನ್ನು ನಿಜದ ಮಾತು. ಸಾಕ್ಷ್ಯಚಿತ್ರ ಮಾಡುವವರು ಇದನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಅನ್ನುವುದು ನನ್ನ ಹಟ. ಬೆಳಿಗ್ಗೆ ನೋಡಿದ ಒಂದು ಚಿತ್ರದಲ್ಲಿ ಜುಲೈ ತಿಂಗಳ ಬೈತಖೋಲ ಬಂದರು ಇದೆ. ಬೋಟುಗಳೆಲ್ಲ ಸಾಲಾಗಿ ಕಟ್ಟಿವೆ. ಹಿನ್ನೆಲೆಯಲ್ಲಿ ಎಂಜಿನ್ ಸದ್ದು! ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಸದ್ದು ಹಾಕಿದ ಕೂಡಲೇ ಬಂದರಿನ ಜನ ನಿಮ್ಮ ಚಿತ್ರ ನೋಡಿ ನಗುತ್ತಾರೆ. ಅದಕ್ಕಿಂತ ಬೇಜಾರಿನ ವಿಷಯ, ಕೈಯಲ್ಲಿದ್ದ ಕತೆ ಹೋಯಿತು. ಎಂಜಿನ್ ಇಲ್ಲದ ಬಂದರು ಹೇಗೆ ಕೇಳುತ್ತದೆ? ಹಗ್ಗ ಎಳೆದು ಬಿಟ್ಟ ಹಾಗೆ ಕಿರುಗುಟ್ಟುವುದು, ಬೋಟಿನ ಹೊಟ್ಟೆಗೆ ನೀರು ಬಡಿಯುವುದು, ಬಲೆ ಹೊಲಿಯುವವರ ಮಾತು. ಆಗಸ್ಟ್ ಬಂದಾಗ ಮೊದಲ ಎಂಜಿನ್ ಶುರುವಾಗುವ ಸದ್ದಿಗೆ ಎಂಥ ಬೆಲೆ ಬರುತ್ತದೆ ನೋಡಿ, ಅದಕ್ಕೂ ಮುಂಚೆ ನೀವು ಒಂದೂ ಎಂಜಿನ್ ಕೇಳಿಸದೆ ಇದ್ದರೆ ಮಾತ್ರ.

ಕಾಲವೂ ಹಾಗೆಯೇ. ಇಲ್ಲಿಯ ನೌಕಾನೆಲೆ ಕಟ್ಟಿದ ಸೀಬರ್ಡ್ ಯೋಜನೆಗೆ ನೆಲ ಬಿಟ್ಟವರ ಬಗ್ಗೆ ಒಂದು ತಂಡ ಮಾಡುತ್ತಿದೆಯಂತೆ, ಒಳ್ಳೆಯದು. 1980ರ ದಶಕವನ್ನು ಮರುಸೃಷ್ಟಿ ಮಾಡುವ ಭಾಗದಲ್ಲಿ ದೂರದ ರೈಲಿನ ಕೂಗು ಬರಬಾರದು. ಆಗ ಇಲ್ಲಿ ರೈಲೇ ಇರಲಿಲ್ಲ. ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಮಾರುಕಟ್ಟೆಯ ಗದ್ದಲಕ್ಕೂ ಇದೇ ಮಾತು. ಕಾರವಾರದ ಮೀನು ಮಾರುಕಟ್ಟೆಯಲ್ಲಿ ಚೌಕಾಶಿ ನಡೆಯುವುದು ಹೆಚ್ಚಾಗಿ ಕೊಂಕಣಿಯಲ್ಲಿ. ಹಾಸ್ಟೆಲಿನ ಗೆಳೆಯರನ್ನು ನಿಲ್ಲಿಸಿ ಗದಗ, ಹಾವೇರಿ ಕನ್ನಡದಲ್ಲಿ ಗಲಾಟೆ ಮಾಡಿಸಿದರೆ ಅದು ಬೇರೆ ಊರು.

ಕಪ್ಪೆಯ ವಿಷಯ ಹೇಳದೆ ಇರಲು ಆಗುವುದಿಲ್ಲ. ಶಿರಸಿ ಕಡೆಯ ತೋಟದ ರಾತ್ರಿ ದೃಶ್ಯಕ್ಕೆ ಒಬ್ಬರು 'ರಿಬ್ಬಿಟ್ ರಿಬ್ಬಿಟ್' ಅನ್ನುವ ಕಪ್ಪೆ ಹಾಕಿದ್ದೀರಿ. ಅದು ಅಮೆರಿಕದ ಪಶ್ಚಿಮ ಕರಾವಳಿಯ ಪೆಸಿಫಿಕ್ ಮರಗಪ್ಪೆ. ಹಾಲಿವುಡ್ ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಅಲ್ಲಿಯವರ ಮೈಕಿಗೆ ಸಿಕ್ಕಿದ್ದು ಅದೇ ಕಪ್ಪೆ. ಹಾಗಾಗಿ ಸಿನಿಮಾಗಳಲ್ಲಿ ಜಗತ್ತಿನ ಎಲ್ಲ ಕಾಡುಗಳಲ್ಲೂ ಅದೇ ಕೂಗತೊಡಗಿತು. ಇಲ್ಲಿ ನೋಡಿದರೆ, ಕತ್ತಲೆಕಾನಿನ ಕಡೆಯ ಒಂದು ಕಪ್ಪೆಯನ್ನು 2014ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದ ಅಂತ ಗುರುತಿಸಿದರು. ಗಂಡು ಕಪ್ಪೆ ಮೊಟ್ಟೆಗಳ ಮೇಲೆ ಕೆಸರು ಮೆತ್ತುವುದರಿಂದ ಅದಕ್ಕೆ ಕುಂಬಾರ ಕಪ್ಪೆ ಅಂತ ಹೆಸರು. ಇಂಥ ಕಪ್ಪೆಗಳು ಇರುವ ಜಿಲ್ಲೆಯಲ್ಲಿ ಕೂತು ಕ್ಯಾಲಿಫೋರ್ನಿಯಾದ ಕಪ್ಪೆಯನ್ನು ಡೌನ್‌ಲೋಡ್ ಮಾಡುವುದು ಯಾಕೆ?

ಹಾಗಂತ ಎಲ್ಲವೂ ಅಲ್ಲಿಯದ್ದೇ, ಆ ಕ್ಷಣದ್ದೇ ಆಗಬೇಕು ಅಂತ ನಾನು ಮಡಿ ಮಾಡುವವನಲ್ಲ. ಫೋಲಿ ಅನ್ನುವ ಕೆಲಸವೇ ಸುಳ್ಳಿನದು. ಹೆಜ್ಜೆ, ಬಟ್ಟೆಯ ಸರಸರ, ಪಾತ್ರೆ ಇಡುವ ಸದ್ದು, ಇವನ್ನು ಚಿತ್ರ ನೋಡುತ್ತಾ ಬೇರೆಯಾಗಿ ಮಾಡಿ ಸೇರಿಸುವುದು. ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊದಲ್ಲಿ ಜ್ಯಾಕ್ ಫೋಲಿ ಎಂಬವರು ಮಾತಿನ ಚಿತ್ರಗಳ ಆರಂಭದ ಕಾಲದಲ್ಲಿ ಇದನ್ನು ಶುರು ಮಾಡಿದರು, ಹೆಸರು ಅವರದ್ದೇ ಉಳಿಯಿತು. ಚಿಪ್ಸ್ ಪೊಟ್ಟಣ ಮೆಲ್ಲಗೆ ಹಿಸುಕಿದರೆ ಬೆಂಕಿ. ತೆಂಗಿನ ಗರಟೆ ಎರಡು ಇದ್ದರೆ ಕುದುರೆ. ಕಾಡಿನ ದಾರಿಗೆ ಒಂದು ಚೀಲ ದರಕು, ಅಂದರೆ ಉದುರಿದ ಒಣ ಎಲೆ, ತಂದು ಕ್ಲಾಸ್‌ರೂಮಿನಲ್ಲಿ ಸುರಿದು ನಡೆಯಿರಿ, ಆಮೇಲೆ ಗುಡಿಸಿಟ್ಟು ಹೋಗಿ. ಸುಳ್ಳು ಹೇಳಬಹುದು. ಆದರೆ ಊರನ್ನು ತಪ್ಪಾಗಿ ಹೇಳಬಾರದು.

ರೆಕಾರ್ಡಿಂಗಿಗೆ ಬರೋಣ. ನಿಮ್ಮ ಸಂದರ್ಶನಗಳಲ್ಲಿ ಅರ್ಧದಷ್ಟು ಟ್ಯಾಗೋರ್ ಕಡಲತೀರದಲ್ಲಿ ಆಗಿವೆ. ಕಾಣಲು ಚಂದ. ಕೇಳಲು ಕಷ್ಟ. ಯಾಕೆ ಅಂತ ಅರ್ಥ ಮಾಡಿಕೊಳ್ಳಿ. ಫ್ಯಾನಿನದ್ದೋ ಇನ್ವರ್ಟರಿನದ್ದೋ ಗುಂಯ್ ಅನ್ನುವುದು ಕೆಲವೇ ಕಂಪನಾಂಕಗಳಲ್ಲಿ ಇರುತ್ತದೆ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಆ ಗುಂಯ್ 50, 100, 150 ಹೀಗೆ ಗೊತ್ತಿರುವ ಜಾಗದಲ್ಲೇ ಕೂತಿರುತ್ತದೆ, ಹುಡುಕಿ ಕತ್ತರಿಸಬಹುದು. ಅಲೆಯ ಸದ್ದು ಹಾಗಲ್ಲ. ಅದು ಕೆಳಗಿನಿಂದ ಮೇಲಿನವರೆಗೆ ಎಲ್ಲ ಕಡೆ ಹರಡಿರುತ್ತದೆ. ಮಾತಿನ 'ಸ', 'ಶ', 'ಚ' ಇರುವ ಜಾಗದಲ್ಲೂ ಅದೇ ಇರುತ್ತದೆ. ಅಲೆಯನ್ನು ತೆಗೆಯಲು ಹೋದರೆ ಅಕ್ಷರಗಳೂ ಹೋಗುತ್ತವೆ.

ಪರಿಹಾರ ಸುಲಭ. ಮಾತಾಡುವವರನ್ನು ಗಾಳಿಮರಗಳ ಹಿಂದೆ, ಯಾವುದಾದರೂ ಗೋಡೆಯ ಮರೆಗೆ ಕರೆದುಕೊಂಡು ಹೋಗಿ. ಸಮುದ್ರಕ್ಕೆ ಬೆನ್ನು ಕೊಡುವ ಹಾಗೆ ಮೈಕ್ ಹಿಡಿಯಿರಿ. ಮಾತು ಮುಗಿದ ಮೇಲೆ ಅಲೆಯನ್ನು ಬೇರೆಯಾಗಿ ಮೂರು ನಿಮಿಷ ರೆಕಾರ್ಡ್ ಮಾಡಿ, ಎಡಿಟಿಂಗ್‌ನಲ್ಲಿ ಎಷ್ಟು ಬೇಕೋ ಅಷ್ಟು ಬೆರೆಸಿ. ಮತ್ತೆ, ಬೆಳಗಿನ ಜಾವ ಹೋಗಿ. ಬಿಸಿಲೇರಿದ ಹಾಗೆ ನೆಲ ಸಮುದ್ರಕ್ಕಿಂತ ಬೇಗ ಕಾಯುತ್ತದೆ, ಗಾಳಿ ಸಮುದ್ರದಿಂದ ನೆಲಕ್ಕೆ ಬೀಸತೊಡಗುತ್ತದೆ. ಮಧ್ಯಾಹ್ನ ಮೂರಕ್ಕೆ ಬೀಚಿನಲ್ಲಿ ಮೈಕ್ ಹಿಡಿದರೆ ಸಿಗುವುದು ಬರೀ ಗಾಳಿಯ ಭರಭರ. ಮುಂಜಾನೆ ಅದು ಕಡಿಮೆ. ಮೈಕಿಗೆ ತುಪ್ಪಳದ ಟೊಪ್ಪಿ ಇದ್ದರೆ ಸರಿ, ಇಲ್ಲದಿದ್ದರೆ ಸ್ಪಂಜು ಸುತ್ತಿ.

ಮೈಕ್ ಹತ್ತಿರ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಹತ್ತಿರ? ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದರೆ ಸದ್ದಿನ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅಂದರೆ ನಾಲ್ಕು ಅಡಿಯಿಂದ ಎರಡು ಅಡಿಗೆ, ಎರಡರಿಂದ ಒಂದಕ್ಕೆ ಬಂದರೆ ಮಾತು 12 ಡೆಸಿಬಲ್ ಮೇಲೇರುತ್ತದೆ, ಹಿಂದಿನ ಗದ್ದಲ ಇದ್ದಲ್ಲೇ ಇರುತ್ತದೆ. ಯಾವ ಸಾಫ್ಟ್‌ವೇರೂ ಇಷ್ಟು ಚೊಕ್ಕವಾಗಿ ಕೆಲಸ ಮಾಡುವುದಿಲ್ಲ.

ಲೆವೆಲ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬಲ್ಲೇ ಚಾವಣಿ, ಅದನ್ನು ದಾಟಿದರೆ ಸದ್ದು ಒಡೆಯುತ್ತದೆ. ಮಾತಿನ ಅತಿ ಜೋರಾದ ಕ್ಷಣ ಮೈನಸ್ 12 ಡೆಸಿಬಲ್‌ನ ಆಸುಪಾಸು ಇರಲಿ. ಯಕ್ಷಗಾನಕ್ಕೆ ಹೋದಾಗ ಭಾಗವತರ ಆಲಾಪನೆಗೆ ಲೆವೆಲ್ ಹೊಂದಿಸಿ ಕೂತರೆ ಕೆಟ್ಟಿರಿ. ಚೆಂಡೆ ಬಂದ ಕೂಡಲೇ ಎಲ್ಲ ಒಡೆಯುತ್ತದೆ, ಒಡೆದ ಸದ್ದನ್ನು ಸರಿಮಾಡುವುದು ಬಹಳ ಕಷ್ಟ. ಚೆಂಡೆಗೆ ಹೊಂದಿಸಿ, ಆಲಾಪನೆ ಸಣ್ಣಗೆ ಬಂದರೆ ಬರಲಿ, ಆಮೇಲೆ ಏರಿಸಬಹುದು. ವಿಡಿಯೊಗೆ ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಜ್, 24 ಬಿಟ್, ವೇವ್ ಫೈಲ್ ಅಂತ ಇರಲಿ. ಎಂಪಿ3 ಬೇಡ.

ಹೊರಡುವ ಮುಂಚೆ ಆ ಕೋಣೆಯ ಖಾಲಿ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿ. ಯಾರೂ ಮಾತಾಡಬಾರದು, ಅಲ್ಲಾಡಬಾರದು. ಮಾತು ಕತ್ತರಿಸಿದ ಜಾಗಕ್ಕೆ ತೇಪೆ ಹಾಕುವುದು ಅದರಲ್ಲೇ. ಇನ್ನು ಏಪ್ರಿಲ್‌ನಲ್ಲಿ ಕಾರವಾರದ ಮನೆಯೊಳಗೆ ಫ್ಯಾನ್ ಆಫ್ ಮಾಡಿ ಅಂತ ಹಿರಿಯರಿಗೆ ಹೇಳುವುದು ಹೇಗೆ? ಪ್ರಶ್ನೆ ಕೇಳುವಾಗ ಆಫ್, ಉತ್ತರ ಮುಗಿದ ಮೇಲೆ ಆನ್. ಸ್ವಿಚ್ ಪಕ್ಕ ಒಬ್ಬರನ್ನು ನಿಲ್ಲಿಸಿ. ನಡುವೆ ನೀರು ಕೊಡಿ. ಅಷ್ಟು ಮರ್ಯಾದೆ ಮಾಡಿದರೆ ಅಜ್ಜ ಇನ್ನೊಂದು ಕತೆ ಜಾಸ್ತಿಯೇ ಹೇಳುತ್ತಾರೆ.

ಎಡಿಟಿಂಗ್‌ನಲ್ಲಿ ಒಂದೇ ಒಂದು ಅಭ್ಯಾಸ ಬೆಳೆಸಿಕೊಳ್ಳಿ. ಚಿತ್ರ ಬದಲಾಗುವ ಕ್ಷಣದಲ್ಲೇ ಸದ್ದನ್ನೂ ಬದಲಾಯಿಸಬೇಡಿ. ಮುಂದಿನ ದೃಶ್ಯದ ಸದ್ದು ಒಂದೆರಡು ಸೆಕೆಂಡ್ ಮೊದಲೇ ಬರಲಿ, ಇಲ್ಲವೇ ಹಿಂದಿನದ್ದು ಸ್ವಲ್ಪ ಉಳಿಯಲಿ. ಅಕ್ಕನ ಅಡುಗೆಮನೆ ಇನ್ನೂ ಕಾಣುತ್ತಿರುವಾಗಲೇ ಮರುದಿನದ ಮಾರುಕಟ್ಟೆಯ ಗದ್ದಲ ಶುರುವಾದರೆ, ರಾತ್ರಿ ಅವಳಿಗೆ ನಿದ್ದೆ ಬಂತೋ ಇಲ್ಲವೋ ಅಂತ ನಾವೇ ಯೋಚಿಸುತ್ತೇವೆ.

ಕೊನೆಗೆ ಕೆಲವು ಪ್ರಶ್ನೆ ಬಂದವು.

"ಸರ್, ಈಗ ಎಐ ಟೂಲ್ ಹಾಕಿದರೆ ಹಿನ್ನೆಲೆ ಸದ್ದೆಲ್ಲ ಹೋಗುತ್ತಲ್ವಾ?"

ಹೋಗುತ್ತದೆ. ಮಾತು ಉಳಿಸಬೇಕು, ಬೇರೆ ದಾರಿ ಇಲ್ಲ ಅಂದಾಗ ನಾನೂ ಬಳಸುತ್ತೇನೆ. ಆದರೆ ಪೂರ್ತಿ ಹಾಕಿದರೆ ದನಿ ಪ್ಲಾಸ್ಟಿಕ್ ಆಗುತ್ತದೆ, ಊರೂ ಅಳಿಸಿಹೋಗುತ್ತದೆ. ಅರ್ಧಕ್ಕೆ ನಿಲ್ಲಿಸಿ.

"ಫೋನಿನಲ್ಲೇ ಮಾಡಬಹುದಾ?"

ಖಂಡಿತ. ಎರಡು ಫೋನು ತಗೊಳ್ಳಿ. ಒಂದು ಕ್ಯಾಮೆರಾ, ಇನ್ನೊಂದು ಮಾತಾಡುವವರ ಎದೆ ಹತ್ತಿರ ರೆಕಾರ್ಡರ್. ಎರಡನ್ನೂ ಏರೋಪ್ಲೇನ್ ಮೋಡಿಗೆ ಹಾಕಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ, ಎಡಿಟಿಂಗ್‌ನಲ್ಲಿ ಹೊಂದಿಸಲು ಅದೇ ಗುರುತು. ಆಡಾಸಿಟಿ ಪುಕ್ಕಟೆ ಸಿಗುತ್ತದೆ, ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿಯಲ್ಲೂ ಸೌಂಡಿಗೆ ಬೇರೆ ಪುಟವೇ ಇದೆ. ಖರ್ಚು ಮಾಡುವುದಾದರೆ ಮೊದಲು ಒಳ್ಳೆಯ ಹೆಡ್‌ಫೋನ್ ತಗೊಳ್ಳಿ, ಮೈಕ್ ಆಮೇಲೆ. ಕೇಳದೆ ರೆಕಾರ್ಡ್ ಮಾಡುವುದು ಬೇಡ.

"ಇದರಲ್ಲಿ ಮುಂದೆ ಓದಬಹುದಾ? ಮನೆಯಲ್ಲಿ ಕೇಳ್ತಾರೆ."

ಪುಣೆಯ ಸಿನಿಮಾ ಶಾಲೆ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ, ಎರಡರಲ್ಲೂ ಪದವಿ ಆದ ಮೇಲೆ ಸೌಂಡ್ ಓದಬಹುದು. 2009ರಲ್ಲಿ ಸೌಂಡ್ ಮಿಕ್ಸಿಂಗಿಗೆ ಆಸ್ಕರ್ ಹಂಚಿಕೊಂಡ ಕೇರಳದ ರಸೂಲ್ ಪೂಕುಟ್ಟಿ ಪುಣೆಯಲ್ಲೇ ಕಲಿತವರು. ಮನೆಯಲ್ಲಿ ಈ ಹೆಸರು ಹೇಳಿ ನೋಡಿ, ಸ್ವಲ್ಪ ಕೆಲಸ ಮಾಡಬಹುದು.

ಮುಂದಿನ ವಾರಕ್ಕೆ ಒಂದು ಕೆಲಸ ಕೊಡುತ್ತೇನೆ. ಚಿತ್ರ ಬೇಡ, ಸಂಗೀತ ಬೇಡ, ನಿರೂಪಣೆ ಬೇಡ. ಮೂರು ನಿಮಿಷದ ಒಂದು ಕತೆ, ಬರೀ ಸದ್ದಿನಲ್ಲಿ. ನೀವೇ ರೆಕಾರ್ಡ್ ಮಾಡಿದ್ದಾಗಿರಬೇಕು. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತಲ್ಲ, ಅದರ ಮೇಲೆ ಲಾರಿ ಹೋಗುವ ಸದ್ದು ನಿಮ್ಮಲ್ಲಿ ಯಾರ ಹತ್ತಿರವಾದರೂ ಇದೆಯಾ ಅಂತ ಕೇಳಿದೆ, ಒಬ್ಬರೂ ಕೈ ಎತ್ತಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಫೈಲಿಗೆ ಜಾಗ, ತಾರೀಖು, ಹೊತ್ತು ಮೂರನ್ನೂ ಬರೆದಿಡಿ. ಜನರ ಮಾತು ಇದ್ದರೆ ಅವರನ್ನು ಕೇಳಿಯೇ ರೆಕಾರ್ಡ್ ಮಾಡಿ. ನೌಕಾನೆಲೆಯ ಬೇಲಿ ಹತ್ತಿರ ಮೈಕ್ ಹಿಡಿದುಕೊಂಡು ನಿಲ್ಲಬೇಡಿ. ಫೈಲ್‌ಗಳನ್ನು ಪೆನ್‌ಡ್ರೈವಿನಲ್ಲಿ ತನ್ನಿ, ವಾಟ್ಸಾಪಿನಲ್ಲಿ ಕಳಿಸಿದರೆ ನಾನು ಕೇಳುವುದಿಲ್ಲ.